ಮನೆಯಲ್ಲಿ ಚಿಗಟದ ಕಾಟ

ಮಗಳ ಬಾಣಂತನಕ್ಕೆಂದೋ, ಜಾತ್ರೆಗೆಂದೋ ಮನೆಗೆ ಬೀಗ ಹಾಕಿಕೊಂಡು ಹೋಗಿ ಇಪ್ಪತ್ತು ದಿನದ ಮೇಲೆ ಬಂದು ಬಾಗಿಲು ತೆರೆದವರಿಗೆ ಇದರ ಅನುಭವ ಉಂಟು. ಒಳಗೆ ನಾಲ್ಕು ಹೆಜ್ಜೆ ಇಡುವುದರೊಳಗೆ ಸಾಸಿವೆ ಎರಚಿದಂತೆ ಚಿಗಟಗಳು ಕಾಲಿಗೆ ಹತ್ತಿಕೊಳ್ಳುತ್ತವೆ. “ಮನೇಲಿ ನಾವೂ ಇರಲಿಲ್ಲ, ನಾಯೀನೂ ಇರಲಿಲ್ಲ. ಇಷ್ಟು ದಿನ ಇವು ಏನು ತಿಂದು ಬದುಕಿದ್ವು ಸ್ವಾಮಿ?” ಎಂದು ಒಬ್ಬ ತಾಯಿ ನಮ್ಮನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ಇದರ ಉತ್ತರ ತಿಳಿದವರಿಗೆ ಚಿಗಟವನ್ನು ಓಡಿಸುವ ದಾರಿಯೂ ಅರ್ಧ ತಿಳಿದಂತೆಯೇ.

ರೇಷ್ಮೆ ಸಾಕುವ ರೈತ ಬಂಧುಗಳಿಗೆ ಇದನ್ನು ಹೇಳುವುದು ಸುಲಭ. ಮೊಟ್ಟೆ, ಹುಳು, ಗೂಡು, ಚಿಟ್ಟೆ ಎಂದು ರೇಷ್ಮೆಗೆ ನಾಲ್ಕು ಅವಸ್ಥೆಗಳಿರುವಂತೆ ಚಿಗಟಕ್ಕೂ ನಾಲ್ಕು ಅವಸ್ಥೆಗಳಿವೆ. ನಮ್ಮನ್ನು ಕಚ್ಚುವ ಹಾರುವ ಚಿಗಟ ಕೊನೆಯ ಅವಸ್ಥೆಯದು ಮಾತ್ರ. ಅದು ನಾಯಿ, ಬೆಕ್ಕು, ಆಡು, ಕುರಿಗಳ ಮೈಮೇಲೆ ಕುಳಿತು ರಕ್ತ ಹೀರಿ ಅಲ್ಲಿಯೇ ಮೊಟ್ಟೆಯಿಡುತ್ತದೆ. ಒಂದು ಹೆಣ್ಣು ಚಿಗಟ ದಿನಕ್ಕೆ 20ರಿಂದ 40 ಮೊಟ್ಟೆ ಇಡಬಲ್ಲದು. ಮೊಟ್ಟೆಗಳಿಗೆ ಅಂಟಿಲ್ಲ. ನಾಯಿ ಮೈ ಕೊಡವಿದಲ್ಲಿ, ಬೆಕ್ಕು ಮಲಗಿದಲ್ಲಿ ಉಪ್ಪಿನ ಪುಡಿಯಂತೆ ಉದುರುತ್ತವೆ. ಕೆಲವೇ ದಿನಗಳಲ್ಲಿ ಅವುಗಳಿಂದ ಕಾಲಿಲ್ಲದ, ಕೂದಲೆಳೆಯಂಥ ಬಿಳಿ ಹುಳುಗಳು ಹೊರಟು, ಬೆಳಕಿಗೆ ಹೆದರಿ ನೆಲದ ಬಿರುಕು, ಚಾಪೆಯಡಿ, ಒರಳುಕಲ್ಲಿನ ಸಂದು, ಗೋಣಿತಾಟಿನ ಮಡಿಕೆಗಳಲ್ಲಿ ಸೇರಿಕೊಳ್ಳುತ್ತವೆ. ದೊಡ್ಡ ಚಿಗಟಗಳ ಹಿಕ್ಕೆಯೇ, ಅಂದರೆ ಒಣಗಿದ ರಕ್ತವೇ, ಅವುಗಳ ಆಹಾರ. ಒಂದೆರಡು ವಾರದಲ್ಲಿ ಅವು ಧೂಳನ್ನೇ ಮೈಗೆ ಮೆತ್ತಿಕೊಂಡು ಗೂಡು ಕಟ್ಟುತ್ತವೆ. ಅದನ್ನು ಮಣ್ಣಿನ ಹರಳಿನಿಂದ ಬೇರೆಯಾಗಿ ಗುರುತಿಸಲು ಯಾರ ಕಣ್ಣಿಗೂ ಆಗುವುದಿಲ್ಲ.

ಆ ತಾಯಿಯ ಪ್ರಶ್ನೆಗೆ ಉತ್ತರ ಈ ಗೂಡಿನಲ್ಲಿದೆ. ಗೂಡಿನೊಳಗೆ ಬಲಿತ ಚಿಗಟ ಅವಸರಪಡುವುದಿಲ್ಲ. ಹೊರಗೆ ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಗಾಳಿ ತಾಗುವವರೆಗೆ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ, ಉಪವಾಸ ಕಾದಿರುತ್ತದೆ. ಬಾಗಿಲು ತೆರೆದು ನೀವು ಒಳಗೆ ನಡೆದಿರಿ; ಕಾದಿದ್ದವೆಲ್ಲ ಒಟ್ಟಿಗೆ ಎದ್ದವು!

ಆದುದರಿಂದ ಕಣ್ಣಿಗೆ ಕಂಡ ಚಿಗಟಗಳನ್ನಷ್ಟೇ ಕೊಂದರೆ ಕಾಟ ತೀರುವುದಿಲ್ಲ. ಕಣ್ಣಿಗೆ ಕಾಣದವು ಅವುಗಳ ಹತ್ತರಷ್ಟು ನೆಲದ ಧೂಳಿನಲ್ಲಿರುತ್ತವೆ. ಬೇವಿನ ಸೊಪ್ಪಿನ ಹೊಗೆ ಹಾಕುವ ವಾಡಿಕೆ ನಮ್ಮಲ್ಲಿ ಹಿಂದಿನಿಂದ ಬಂದದ್ದು, ಅದನ್ನು ಹಳಿಯುವುದಿಲ್ಲ. ಆದರೆ ಹೊಗೆ ಬಿರುಕಿನೊಳಗಿನ ಗೂಡಿಗೆ ತಾಗುವುದಿಲ್ಲ. ಸೀಮೆಎಣ್ಣೆ ಚಿಮುಕಿಸುವುದಂತೂ ಬೇಡವೇ ಬೇಡ. ಒಲೆಯಿರುವ ಮನೆಗೆ ಅದು ಚಿಗಟಕ್ಕಿಂತ ದೊಡ್ಡ ಶತ್ರು.

ಮಾಡಬೇಕಾದ ಕೆಲಸವನ್ನೆಲ್ಲ ಒಂದೇ ದಿನ ಹಿಡಿಯಬೇಕು. ಇಂದು ನಾಯಿಗೆ ಔಷಧ, ಮುಂದಿನ ವಾರ ನೆಲ ಎಂದರೆ ನೆಲದ ಚಿಗಟ ನಾಯಿಗೆ, ನಾಯಿಯ ಚಿಗಟ ನೆಲಕ್ಕೆ ಎಂದು ತಿರುಗುತ್ತಲೇ ಇರುತ್ತದೆ. ಬಿಸಿಲು ಚೆನ್ನಾಗಿರುವ ದಿನವನ್ನು ಆರಿಸಿಕೊಳ್ಳಿ. ಚಿಗಟದ ಹುಳುವಿಗೆ ತೇವ ಬೇಕು. ಒಣ ಬಿಸಿಲಿನಲ್ಲಿ ಅದು ಉಳಿಯದು. ಮಳೆಗಾಲದಲ್ಲಿ ಕಾಟ ಹೆಚ್ಚುವುದೂ ಇದರಿಂದಲೇ.

ಹೊದಿಕೆ, ಬಟ್ಟೆಗಳನ್ನು ಕುದಿಯುವ ನೀರಿನಲ್ಲಿ ನೆನೆಸಿ ಒಗೆಯಿರಿ. ಕಂಬಳಿ, ಚಾಪೆ, ಗೋಣಿತಾಟುಗಳನ್ನು ಮನೆಯಿಂದ ದೂರ ಒಯ್ದು ಕೊಡವಿ, ಬಂಡೆಯ ಮೇಲೆ ಮಗುಚಿ ಹಾಕುತ್ತ ದಿನವಿಡೀ ಒಣಗಿಸಿ. ಮನೆಯೊಳಗಿನ ಸಾಮಾನೆಲ್ಲ ಹೊರಗೆ ಬರಲಿ. ರಾಗಿಕಲ್ಲಿನ ಸುತ್ತು, ಮಂಚದ ಕಾಲುಗಳ ಬುಡ, ಹೊಸ್ತಿಲ ಸಂದು, ಬೆಕ್ಕು ಮಲಗುವ ಒಲೆಯ ಮಗ್ಗುಲು, ಇವನ್ನು ಗಟ್ಟಿ ಪೊರಕೆಯಿಂದ ಕೆರೆದು ಗುಡಿಸಬೇಕು. ಗುಡಿಸಿದ ಕಸವನ್ನು ಬಾಗಿಲ ಮುಂದಿನ ತಿಪ್ಪೆಗೆ ಸುರಿದರೆ ಸಂಜೆಯೊಳಗೆ ಕೋಳಿ, ನಾಯಿಗಳ ಜೊತೆ ಅದೇ ಚಿಗಟ ಒಳಗೆ ಬರುತ್ತದೆ. ಅದನ್ನು ಸೋಪಿನ ನೀರು ತುಂಬಿದ ಬಕೆಟ್ಟಿಗೆ ಹಾಕಿ, ಇಲ್ಲವೆ ದೂರದಲ್ಲಿ ಸುಟ್ಟುಬಿಡಿ. ಸಿಮೆಂಟಿನ ನೆಲವಾದರೆ ಬಿಸಿ ಸೋಪಿನ ನೀರಿನಿಂದ ತೊಳೆಯಿರಿ. ಮಣ್ಣಿನ ನೆಲವಾದರೆ ಬಿರುಕುಗಳಿಗೆ ಜೇಡಿಮಣ್ಣು ತುಂಬಿ ಗಟ್ಟಿಸಿ, ಆಮೇಲೆ ಸಾರಿಸಿ. ಗುಡಿಸದೆ ಧೂಳಿನ ಮೇಲೆಯೇ ಸಾರಿಸಿದರೆ ಹುಳುವಿಗೆ ಹೊದಿಕೆ ಹೊದಿಸಿದಂತಾಗುತ್ತದೆ. ಕುರಿ ದೊಡ್ಡಿಯ ಸಡಿಲ ಮಣ್ಣನ್ನು ಒಂದು ಅಂಗುಲ ಕೆರೆದು ಹೊಲಕ್ಕೆ ಸಾಗಿಸಿ, ತೆಳ್ಳಗೆ ಹರಡಿ ಬಿಸಿಲಿಗೆ ಬಿಡಿ. ಹೊಲಕ್ಕೆ ಗೊಬ್ಬರವೂ ಆಯಿತು.

ಇನ್ನು ಪ್ರಾಣಿಗಳು. ನಾಯಿಯ ಬಾಲದ ಬುಡದಲ್ಲಿ ಕೂದಲು ಬಿಡಿಸಿ ನೋಡಿ. ಕರಿಯ ಪುಡಿ ಸಿಕ್ಕಿದರೆ ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಉದುರಿಸಿ. ಅದು ಕೆಂಪಗೆ ಹರಡಿದರೆ ಚಿಗಟದ ಹಿಕ್ಕೆ. ಹರಡದಿದ್ದರೆ ಬರಿಯ ಮಣ್ಣು. ಮೇಕೆಮರಿ, ಕುರಿಮರಿ, ಎಳೆಗರುಗಳನ್ನು ಮರೆಯಬಾರದು. ಚಿಗಟ ಹೆಚ್ಚಾದರೆ ಅವು ರಕ್ತ ಕಳೆದುಕೊಂಡು, ಕಣ್ಣಿನ ಒಳರೆಪ್ಪೆ ಬಿಳಿಚಿ, ಹಾಲು ಕುಡಿಯಲಾರದೆ ಸಾಯುವುದುಂಟು. ನಾಯಿಯ ಚಿಗಟವನ್ನು ಮಕ್ಕಳು ಅರಿಯದೆ ನುಂಗಿದರೆ ಲಾಡಿಹುಳು ಹತ್ತಬಹುದು. ಮಲದಲ್ಲಿ ಅಕ್ಕಿಕಾಳಿನಂಥ ತುಣುಕು ಕಂಡರೆ ವೈದ್ಯರಿಗೆ ತೋರಿಸಿ.

ಔಷಧವನ್ನು ಪಶುವೈದ್ಯರನ್ನು ಕೇಳಿಯೇ ಹಾಕಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮಗೆ ಗೊತ್ತಿರುವ ಒಬ್ಬ ಯಜಮಾನರು ಬೆಳೆಗೆ ಹೊಡೆದು ಉಳಿದ ಕೀಟನಾಶಕವನ್ನು ನೀರಿಗೆ ಬೆರೆಸಿ ನಾಯಿಯ ಮೈಗೆ ಸವರಿದರು. ಚಿಗಟ ಸತ್ತವು ನಿಜ. ಸಂಜೆಗೆ ಜೊಲ್ಲು ಸುರಿಸುತ್ತ ನಾಯಿಯೂ ಸತ್ತಿತು. ಅದನ್ನು ತಬ್ಬಿಕೊಂಡು ಆಡುತ್ತಿದ್ದ ಮೊಮ್ಮಗುವನ್ನು ಆ ರಾತ್ರಿಯೇ ಆಸ್ಪತ್ರೆಗೆ ಒಯ್ಯಬೇಕಾಯಿತು. ದೇವರ ದಯೆಯಿಂದ ಮಗು ಉಳಿಯಿತು. ಹೊಲದ ಔಷಧ ಹೊಲಕ್ಕೆ. ಹಿರಿಯರು ನೆನೆಯುವ ಬಿ.ಎಚ್.ಸಿ. ಪುಡಿಯನ್ನು ಸರ್ಕಾರ 1997ರಲ್ಲೇ ನಿಷೇಧಿಸಿದೆ. ಹಳೆಯ ಡಬ್ಬ ಅಟ್ಟದಲ್ಲಿದ್ದರೂ ಮುಟ್ಟಬೇಡಿ. ನಾಯಿಗೆ ಕೊಟ್ಟ ಔಷಧವನ್ನು ಬೆಕ್ಕಿಗೂ ಹಾಕುವುದು ಇನ್ನೊಂದು ತಪ್ಪು. ಪರ್ಮೆಥ್ರಿನ್ ಇರುವ ಔಷಧ ನಾಯಿಗೆ ಹಿಡಿಸುತ್ತದೆ, ಬೆಕ್ಕನ್ನು ಕೊಲ್ಲುತ್ತದೆ. ತೀರ ಎಳೆಯ ಮರಿಗಳಿಗೆ ಉಗುರುಬೆಚ್ಚಗಿನ ಸೋಪಿನ ನೀರಿನ ಸ್ನಾನ ಮತ್ತು ಹೇನಿನ ಬಾಚಣಿಗೆ ಸಾಕು.

ಇಲಿಯ ಚಿಗಟದ ಮಾತು ಬೇರೆ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರನ್ನು ಹೊಕ್ಕಿತು. “ಇಲಿ ಬಿತ್ತು” ಎಂದರೆ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕತೆಯನ್ನು ನಮ್ಮ ಅಜ್ಜಂದಿರ ಕಾಲದವರು ಹೇಳುತ್ತಿದ್ದರು. ಇಲಿಯಿಂದ ಮನುಷ್ಯನಿಗೆ ರೋಗ ತರುವುದು ಚಿಗಟವೆಂದು ಫ್ರೆಂಚ್ ವೈದ್ಯ ಸೀಮೊಂಡ್ ಅದೇ 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟರು. ಸತ್ತ ಇಲಿಯ ಮೈ ತಣ್ಣಗಾದೊಡನೆ ಚಿಗಟ ಬೇರೆ ಮೈ ಹುಡುಕಿಕೊಂಡು ಹೊರಡುತ್ತದೆ. 1994ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲೂ ಗುಜರಾತಿನ ಸೂರತ್ತಿನಲ್ಲೂ ಪ್ಲೇಗು ಕಾಣಿಸಿಕೊಂಡದ್ದು ಹಲವರಿಗೆ ನೆನಪಿರಬಹುದು. ಚಿಗಟ ಕಚ್ಚಿದೊಡನೆ ಪ್ಲೇಗು ಬರುತ್ತದೆಂದು ಯಾರೂ ಗಾಬರಿಪಡಬೇಕಾಗಿಲ್ಲ. ಆದರೆ ಚಿಗಟ ತುಂಬಿದ ಮನೆಯಲ್ಲಿ ಮೊದಲೇ ಇಲಿಪಾಷಾಣ ಇಡಬೇಡಿ. ಚಿಗಟ ತಗ್ಗಲಿ, ಆಮೇಲೆ ಇಲಿಗಳ ಸರದಿ. ಬೋನಿಗೆ ಬಿದ್ದ ಇಲಿಯನ್ನು ಬೋನಿನ ಸಮೇತ ಸೋಪಿನ ನೀರಿನಲ್ಲಿ ಮುಳುಗಿಸಿ. ಪಾಷಾಣವಿಡದೆಯೇ ಇಲಿಗಳು ಒಂದರ ಹಿಂದೊಂದು ಸತ್ತು ಬಿದ್ದರೆ ಬರಿಗೈಯಿಂದ ಮುಟ್ಟದೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದು ತೊಡೆಸಂದಿನಲ್ಲೋ ಕಂಕುಳಲ್ಲೋ ಗಂಟು ಎದ್ದರೆ ಒಂದು ದಿನವೂ ಕಾಯಬಾರದು. ಬೇಗ ಕೊಟ್ಟರೆ ಗುಣಪಡಿಸುವ ಔಷಧ ಈಗ ಇದೆ.

ಮೊದಲು ಹೇಳಿದ ತಾಯಿಯ ಮನೆಗೆ ಮತ್ತೆ ಬರೋಣ. ಅವರು ಎಲ್ಲವನ್ನೂ ಒಂದೇ ದಿನದಲ್ಲಿ ಮಾಡಿದರು. ಆದರೂ ಎರಡನೆಯ ವಾರ ಚಿಗಟ ಮತ್ತೆ ಎದ್ದವು. “ಎಲ್ಲಾ ದಂಡವಾಯ್ತಲ್ಲ ಸ್ವಾಮಿ” ಎಂದು ಬೇಸರಪಟ್ಟರು. ದಂಡವಾಗಿರಲಿಲ್ಲ. ಗೂಡಿನೊಳಗಿದ್ದವು ಆಗ ಹೊರಬರುತ್ತಿದ್ದವು, ಅಷ್ಟೆ. ಮನೆ ಬಿಟ್ಟು ಹೋಗಬೇಡಿ, ದಿನವೂ ಓಡಾಡಿ, ದಿನ ಬಿಟ್ಟು ದಿನ ಮೂಲೆಮೂಲೆ ಗುಡಿಸಿ, ಔಷಧ ಹಾಕಿಸಿದ ನಾಯಿಯನ್ನು ಒಳಗೆ ತಿರುಗಾಡಲು ಬಿಡಿ ಎಂದೆವು. ಎದ್ದ ಚಿಗಟ ನಾಯಿಯ ಮೈ ಹತ್ತಿ ಅಲ್ಲಿಯೇ ಸಾಯುತ್ತದೆ. ರಾತ್ರಿ ದೀಪದ ಕೆಳಗೆ ಅಗಲವಾದ ತಟ್ಟೆಯಲ್ಲಿ ಸೋಪಿನ ನೀರು ಇಟ್ಟರು; ಬೆಳಕಿಗೆ ಹಾರಿ ಬಂದವು ಅದರಲ್ಲಿ ಮುಳುಗಿದವು. ಮಗ ವಾರಕ್ಕೊಮ್ಮೆ ಮೊಣಕಾಲಿನವರೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಮನೆಯೆಲ್ಲ ನಡೆದು, ಹತ್ತಿದವನ್ನು ಎಣಿಸಿ ಗೋಡೆಯ ಮೇಲೆ ಬರೆದಿಡುತ್ತಿದ್ದ. ತಿಂಗಳಾದ ಮೇಲೆ ನಾಯಿಗೆ ಇನ್ನೊಮ್ಮೆ ಔಷಧ ಹಾಕಿಸಿದರು. ಆರನೆಯ ವಾರ ಬಟ್ಟೆಗೆ ಒಂದೂ ಹತ್ತಲಿಲ್ಲ. ಮುಂದಿನ ವಾರವೂ ಹತ್ತದಿದ್ದ ಮೇಲೆ ಇಲಿಬೋನು ತಂದಿಟ್ಟರು.