ಕೇಳದೆ ಲೆಕ್ಕ ಅಳಿಸಕೂಡದು: ಎಐ ಏಜೆಂಟ್ ಬಳಸುವವರಿಗೆ ಕಟ್ಟುನಿಟ್ಟಿನ ಸೂಚನೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಗೊಬ್ಬರದಂಗಡಿ, ರೈಸ್‌ಮಿಲ್, ಹಾಲಿನ ಡೈರಿ, ಸೊಸೈಟಿಗಳ ಮಾಲೀಕರು, ಕಾರ್ಯದರ್ಶಿಗಳು ಮತ್ತು ಲೆಕ್ಕ ಬರೆಯುವವರ ಗಮನಕ್ಕೆ.

ಬಿಲ್ಲಿನ ಫೋಟೊ ಕಳಿಸಿದರೆ ಎಂಟ್ರಿ ಹಾಕುವ, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವ ಎಐ ಏಜೆಂಟ್‌ಗಳು ಬಂದಿವೆ. ಎಂಟ್ರಿ ಹಾಕಲಿ, ತಾಳೆ ನೋಡಲಿ, ತಪ್ಪು ತೋರಿಸಲಿ. ಅಳಿಸುವ ಮಾತು ಬಂದಾಗ ಮಾತ್ರ ಅದು ನಿಲ್ಲಬೇಕು, ಕೇಳಬೇಕು. ಜವಾಬ್ದಾರಿ ಇರುವ ಮನುಷ್ಯ ಓದಿ ಹೂಂ ಅಂದ ಮೇಲೆಯೇ ಮುಂದುವರಿಯಬೇಕು.

ಅಳಿಸುವ ವಿಷಯದಲ್ಲಿ ಕಾನೂನೂ ಕಟ್ಟುನಿಟ್ಟಾಗಿದೆ. ಜಿಎಸ್‌ಟಿ ನಿಯಮ 56(8)ರ ಪ್ರಕಾರ ಲೆಕ್ಕದ ಎಂಟ್ರಿಯನ್ನು ಅಳಿಸುವಂತಿಲ್ಲ, ಅದರ ಮೇಲೆ ತಿದ್ದಿ ಬರೆಯುವಂತಿಲ್ಲ. ಲೆಕ್ಕ ಕಂಪ್ಯೂಟರಿನಲ್ಲಿದ್ದರೆ, ತಿದ್ದಿದ ಮತ್ತು ಅಳಿಸಿದ ಪ್ರತಿ ಎಂಟ್ರಿಯ ಲಾಗ್ ಇರಬೇಕು. ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ದಾಖಲೆ ಕಾಪಾಡಬೇಕು. ಮಾಮೂಲಿ ಗಡುವಿನಂತೆ, 2025-26ರ ಲೆಕ್ಕ 2032ರ ಡಿಸೆಂಬರ್ 31ರವರೆಗೆ ಇರಲೇಬೇಕು. ಕಂಪನಿಗಳಿಗಂತೂ ಬದಲಾವಣೆಗಳ ಜಾಡು ಉಳಿಸುವ ಸಾಫ್ಟ್‌ವೇರ್ 2023ರ ಏಪ್ರಿಲ್ 1ರಿಂದ ಕಡ್ಡಾಯ. ಅಳಿಸಿದ್ದು ಏಜೆಂಟ್ ಆದರೂ ನೋಟಿಸ್ ಬರುವುದು ನಿಮ್ಮ ಹೆಸರಿಗೆ.

ಮಾಡಬೇಕಾದ್ದು

1. ಏಜೆಂಟ್‌ಗೆ ಪ್ರತ್ಯೇಕ ಲಾಗಿನ್ ಕೊಡಿ. ಅದರಲ್ಲಿ ಡಿಲೀಟ್ ಅಧಿಕಾರ ಇರಬಾರದು. ಅಳಿಸುವ ಪ್ರಸ್ತಾಪವನ್ನಷ್ಟೇ ಅದು ಮುಂದಿಡಲಿ, ಕೊನೆಯ ಕೀಲಿ ಒತ್ತುವವರು ನೀವಾಗಿರಿ.

2. ಒಪ್ಪಿಗೆ ಕೇಳುವಾಗ ವೋಚರ್ ನಂಬರ್, ದಿನಾಂಕ, ಪಾರ್ಟಿಯ ಹೆಸರು, ಮೊತ್ತ, ಅಳಿಸಲು ಕಾರಣ, ಅಳಿಸಿದರೆ ಬಾಕಿ ಎಷ್ಟು ಬದಲಾಗುತ್ತದೆ ಎಂಬುದು ಪರದೆಯ ಮೇಲೆ ಕಾಣಬೇಕು. ‘ಡೂಪ್ಲಿಕೇಟ್ ತೆಗೆಯಲೇ?’ ಎಂದಷ್ಟೇ ಕೇಳಿದರೆ ಉತ್ತರ ‘ಬೇಡ’.

3. ಡೂಪ್ಲಿಕೇಟ್ ಎಂದು ಅದು ಹೇಳಿದ್ದನ್ನು ರಶೀದಿ ಹಿಡಿದು ನೋಡಿ. ಡೈರಿಯಲ್ಲಿ ಒಬ್ಬನೇ ಸದಸ್ಯ ಬೆಳಿಗ್ಗೆ ನಾಲ್ಕು ಲೀಟರ್, ಸಂಜೆ ನಾಲ್ಕು ಲೀಟರ್ ಹಾಕಿದರೆ ಒಂದೇ ದಿನಾಂಕ, ಒಂದೇ ಹೆಸರು, ಒಂದೇ ಅಳತೆಯ ಎರಡು ಎಂಟ್ರಿ ಬೀಳುತ್ತವೆ. ಒಂದನ್ನು ಅಳಿಸಿದರೆ ಅವನ ಬಟವಾಡೆಯಲ್ಲಿ ಒಂದು ಹೊತ್ತಿನ ಹಾಲಿನ ದುಡ್ಡು ಹೋಯಿತು. ಗೊಬ್ಬರದಂಗಡಿಯ ಸಾಲದ ಪುಸ್ತಕದಲ್ಲಿ ಒಂದೇ ಊರಿನ ಇಬ್ಬರು ಮಹದೇವರು ಇರುವುದೂ ಉಂಟು.

4. ಮೊತ್ತ ತಾಳೆಯಾಗದಿದ್ದರೆ ಕಾರಣ ಹುಡುಕಿ. ಹೊಗೆಸೊಪ್ಪಿನ ಹರಾಜಿನ ಬಿಲ್ಲಿನಲ್ಲಿ ಒಂದು ಮೊತ್ತ ಇರುತ್ತದೆ, ಸಾಲದ ಕಂತು ಮುರಿದುಕೊಂಡು ಖಾತೆಗೆ ಬೀಳುವುದು ಇನ್ನೊಂದು ಮೊತ್ತ. ಎರಡೂ ಸರಿಯೇ. ನಡುವಿನ ಸಾಲದ ಎಂಟ್ರಿ ಹಾಕಬೇಕು.

5. ತಪ್ಪಿದ್ದರೆ ರಿವರ್ಸ್ ಎಂಟ್ರಿ ಹಾಕಿ. ಜಿಎಸ್‌ಟಿ ರಿಟರ್ನಿಗೆ ಹೋದ ಮಾರಾಟದ ಬಿಲ್ಲಿನಲ್ಲಿ ಮೊತ್ತ ಹೆಚ್ಚಾಗಿದ್ದರೆ ಕ್ರೆಡಿಟ್ ನೋಟ್ ಕೊಡಿ. ಟ್ಯಾಲಿಯಲ್ಲಿ ಆಲ್ಟ್-ಡಿ ಒತ್ತಿದರೆ ವೋಚರ್ ಪಟ್ಟಿಯಿಂದಲೇ ಹೋಗುತ್ತದೆ. ಆಲ್ಟ್-ಎಕ್ಸ್ ಒತ್ತಿದರೆ ರದ್ದಾಗುತ್ತದೆ, ನಂಬರ್ ಮಾತ್ರ ಪುಸ್ತಕದಲ್ಲೇ ಉಳಿಯುತ್ತದೆ. ರದ್ದು ಮಾಡಲೇಬೇಕಾದರೆ ಎರಡನೆಯದನ್ನು ಬಳಸಿ.

6. ಪ್ರತಿದಿನ ಅಂಗಡಿ ಮುಚ್ಚುವ ಮೊದಲು ಬ್ಯಾಕಪ್ ತೆಗೆದು ಪೆನ್‌ಡ್ರೈವ್ ಕಳಚಿಡಿ. ಏಜೆಂಟ್ ಕೈಗೆ ಸಿಗುವ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ.

7. ಆಡಿಟ್ ಮುಗಿದ ವರ್ಷದ ಲೆಕ್ಕ ಮುಟ್ಟುವ ಮೊದಲು ಆಡಿಟರ್ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ.

ಮಾಡಬಾರದ್ದು

1. ‘ಇನ್ನು ಕೇಳಬೇಡ’, ‘ಯಾವಾಗಲೂ ಅನುಮತಿಸು’ ಎಂಬ ಗುಂಡಿ ಒತ್ತಬೇಡಿ. ಇವತ್ತಿನ ಒಪ್ಪಿಗೆ ಇವತ್ತಿನ ಪಟ್ಟಿಗಷ್ಟೇ.

2. ‘ಲೆಡ್ಜರ್ ಕ್ಲೀನ್ ಮಾಡು’, ‘ಸಸ್ಪೆನ್ಸ್ ಖಾತೆ ಸೊನ್ನೆ ಮಾಡು’ ಎಂದು ಹೇಳಬೇಡಿ. ಎಂಟ್ರಿ ಅಳಿಸಿದರೂ ಖಾತೆ ಸೊನ್ನೆಯಾಗುತ್ತದೆ. ಏನು ಮಾಡಬೇಕು, ಯಾವುದನ್ನು ಮುಟ್ಟಬಾರದು ಎರಡನ್ನೂ ಬಿಡಿಸಿ ಹೇಳಿ.

3. ಮೌನವನ್ನು ಒಪ್ಪಿಗೆ ಎಂದು ಎಣಿಸುವ ಸೆಟ್ಟಿಂಗ್ ಇಡಬೇಡಿ. ಬಿತ್ತನೆ ಕಾಲದಲ್ಲಿ ಕೌಂಟರ್ ಮುಂದೆ ಜನ ನಿಂತಿರುವಾಗ ಫೋನ್ ನೋಡಲು ಪುರುಸೊತ್ತು ಇರುವುದಿಲ್ಲ. ಉತ್ತರ ಸಿಗುವವರೆಗೂ ಎಂಟ್ರಿ ಇದ್ದ ಹಾಗೇ ಇರಬೇಕು.

4. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಿಡಿಎಫ್‌ನಲ್ಲಿ ‘ಹಳೆ ಬಿಲ್ ತೆಗೆದುಹಾಕಿ’ ಎಂದಿದ್ದರೆ ಏಜೆಂಟ್ ಅದನ್ನು ನಿಮ್ಮ ಅಪ್ಪಣೆಯೆಂದು ನಡೆಸಲು ಬಿಡಬೇಡಿ. ಅಪ್ಪಣೆ ಕೊಡುವುದು ಮಾಲೀಕರು, ಬಿಲ್ ಕಳಿಸಿದವರಲ್ಲ.

5. ಬಾಯಿಮಾತಿನ ತಾಕೀತು ಸಾಕೆಂದು ಕೂರಬೇಡಿ. 2025ರ ಜುಲೈನಲ್ಲಿ ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್ ಯಾವ ಬದಲಾವಣೆಯೂ ಬೇಡ ಎಂದು ತಾಕೀತು ಮಾಡಿದ್ದರೂ ರೆಪ್ಲಿಟ್ ಕಂಪನಿಯ ಎಐ ಏಜೆಂಟ್ ಅವರ ಡೇಟಾಬೇಸನ್ನೇ ಅಳಿಸಿತು. ವಾಪಸ್ ಪಡೆಯಲು ಆಗುವುದಿಲ್ಲ ಎಂದೂ ಹೇಳಿತು. ಆಮೇಲೆ ನೋಡಿದರೆ ವಾಪಸ್ ಸಿಕ್ಕಿತು. ಅಧಿಕಾರ ಕೊಡದಿರುವುದೇ ತಡೆ. ಏನಾಯಿತೆಂದು ತಿಳಿಯಲು ಏಜೆಂಟ್ ಮಾತು ನಂಬಬೇಡಿ, ಲಾಗ್ ನೋಡಿ.

6. ಮಾಲೀಕರ ಪಾಸ್‌ವರ್ಡ್, ಒಟಿಪಿಗಳನ್ನು ಏಜೆಂಟ್‌ಗೆ ಕೊಡಬೇಡಿ. ಎಡಿಟ್ ಲಾಗ್ ನಿಲ್ಲಿಸಬೇಡಿ.

ಅಳಿಸಿಹೋಗಿದ್ದರೆ

ಮೊದಲು ಏಜೆಂಟ್ ಲಾಗಿನ್ ನಿಲ್ಲಿಸಿ. ನೆನಪಿನಿಂದ ಎಂಟ್ರಿ ತುಂಬಬೇಡಿ. ಈಗಿನ ಡೇಟಾದ ಒಂದು ಪ್ರತಿ ತೆಗೆದಿಟ್ಟು, ಹಿಂದಿನ ಬ್ಯಾಕಪ್ಪನ್ನು ಬೇರೆ ಫೋಲ್ಡರಿನಲ್ಲಿ ತೆರೆಯಿರಿ. ಎರಡನ್ನೂ ಬಿಲ್ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ಪೋರ್ಟಲಿನ ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿ. ಯಾವಾಗ ಗೊತ್ತಾಯಿತು, ಯಾವ ಎಂಟ್ರಿ ಹೋಯಿತು, ಹೇಗೆ ಸರಿಪಡಿಸಿದಿರಿ ಎಂದು ಬರೆದು ಸಹಿ ಹಾಕಿ. ಅದೇ ದಿನ ಆಡಿಟರಿಗೆ ತಿಳಿಸಿ.

ಈ ಸೂಚನೆಯನ್ನು ಲೆಕ್ಕದ ಕಂಪ್ಯೂಟರಿನ ಪಕ್ಕ ಅಂಟಿಸಿ. ಹೊಸಬರಿಗೆ ಲಾಗಿನ್ ಕೊಡುವ ಮೊದಲು ಓದಿಸಿ, ಸಹಿ ಪಡೆಯಿರಿ.