ಪ್ರಚಾರಕರ ಮಾತು, ಸಣ್ಣ ಹೂಡಿಕೆದಾರರ ಹಣ: ಕ್ರಿಪ್ಟೊ ನಾಣ್ಯ ವ್ಯವಹಾರದ ಒಂದು ಅವಲೋಕನ

ಯಾದಗಿರಿಯ ಬೇಳೆ ಗಿರಣಿಗಳು, ಶಹಾಪುರದ ಹತ್ತಿ ಜಿನ್ನಿಂಗ್ ಘಟಕಗಳು, ಸುರಪುರದ ಭತ್ತದ ವ್ಯಾಪಾರ ಇವೆಲ್ಲವೂ ಹಂಗಾಮನ್ನು ನಂಬಿ ನಡೆಯುವ ಉದ್ಯಮಗಳು. ಆವಕ ಇಳಿದ ಮೇಲೆ ದುಡಿಯುವ ಬಂಡವಾಳದ ಒಂದು ಭಾಗ ಮುಂದಿನ ಖರೀದಿಯವರೆಗೆ ಬ್ಯಾಂಕಿನಲ್ಲಿ ಉಳಿಯುತ್ತದೆ. ಅದನ್ನು ನಾಲ್ಕು ತಿಂಗಳು ಬೇರೆಡೆ ದುಡಿಸಬೇಕೆಂಬ ಆಸೆ ಸಹಜವಾದುದೇ. ಈ ಆಸೆಯನ್ನೇ ಗುರಿಯಾಗಿಸಿಕೊಂಡು ಮೊಬೈಲ್ ಪರದೆಯ ಮೇಲೆ ಕ್ರಿಪ್ಟೊ ನಾಣ್ಯಗಳ ಪ್ರಚಾರ ನಡೆಯುತ್ತಿದೆ. ಜಾಲತಾಣಗಳಲ್ಲಿ ಲಕ್ಷಾಂತರ ಅನುಯಾಯಿಗಳನ್ನು ಹೊಂದಿರುವ 'ಇನ್‌ಫ್ಲುಯೆನ್ಸರ್'ಗಳು, ಅಂದರೆ ಪ್ರಭಾವಿ ಪ್ರಚಾರಕರು, ಇದರ ಮುಂಚೂಣಿಯಲ್ಲಿದ್ದಾರೆ. ಇವರ ಸಲಹೆಯ ಹಿಂದಿನ ಲೆಕ್ಕವನ್ನು ಅರಿಯುವುದು ಸಣ್ಣ ಹೂಡಿಕೆದಾರರಿಗೆ ಅತ್ಯಗತ್ಯ.

ಕಾಣುವ ದಲಾಲಿ, ಕಾಣದ ದಲಾಲಿ

ಕೃಷಿ ಉತ್ಪನ್ನ ಮಾರುಕಟ್ಟೆಯ ಅಡತ್ ವ್ಯಾಪಾರಿಗೆ ಲೈಸೆನ್ಸ್ ಇರುತ್ತದೆ. ಮಾಲು ಕಣ್ಣೆದುರು ಇರುತ್ತದೆ, ಆತನ ದಲಾಲಿ ಲೆಕ್ಕಪಟ್ಟಿಯಲ್ಲಿ ನಮೂದಾಗುತ್ತದೆ. ವಿವಾದ ಉಂಟಾದರೆ ಮಾರುಕಟ್ಟೆ ಸಮಿತಿಗೆ ದೂರು ಕೊಡಬಹುದು. ಕ್ರಿಪ್ಟೊ ಪ್ರಚಾರಕನೂ ಒಬ್ಬ ದಲ್ಲಾಳಿಯೇ. ಆದರೆ ಅನೇಕ ವೇಳೆ ಆತನ ದಲಾಲಿ ಗ್ರಾಹಕನಿಗೆ ಕಾಣುವುದಿಲ್ಲ.

ಪ್ರಚಾರಕರಿಗೆ ಆದಾಯ ಬರುವ ಮಾರ್ಗಗಳು ಮುಖ್ಯವಾಗಿ ಮೂರು. ಒಂದು, ಪ್ರತಿ ವಿಡಿಯೊ ಅಥವಾ ಪ್ರಕಟಣೆಗೆ ನಿಗದಿತ ಸಂಭಾವನೆ. ಎರಡು, ಅವರು ನೀಡಿದ ಕೊಂಡಿ ಅಥವಾ ಸಂಕೇತ ಬಳಸಿ ಖಾತೆ ತೆರೆದವರ ವಹಿವಾಟಿನ ಮೇಲೆ ಕಮಿಷನ್. ಇಲ್ಲಿ ಗ್ರಾಹಕ ಗಳಿಸಿದರೂ ಕಳೆದುಕೊಂಡರೂ ಕಮಿಷನ್ ತಪ್ಪದು. ಮೂರು, ಹೊಸ ನಾಣ್ಯವನ್ನು ಮೊದಲೇ ಉಚಿತವಾಗಿ ಇಲ್ಲವೇ ಅಲ್ಪ ಬೆಲೆಗೆ ಪಡೆಯುವುದು. ಈ ಮೂರನೆಯದೇ ಅತ್ಯಂತ ಅಪಾಯಕಾರಿ. ವಹಿವಾಟು ಕಡಿಮೆಯಿರುವ ನಾಣ್ಯಕ್ಕೆ ಒಮ್ಮೆಲೇ ಸಾವಿರಾರು ಜನ ಮುಗಿಬಿದ್ದಾಗ ಬೆಲೆ ಏರುತ್ತದೆ. ಆಗ ಮೊದಲೇ ಕೊಂಡವರು ಮಾರಿ ಹೊರಬೀಳುತ್ತಾರೆ. ಕೊನೆಯಲ್ಲಿ ಬಂದವರ ಕೈಯಲ್ಲಿ ಬೆಲೆಯಿಲ್ಲದ ನಾಣ್ಯ ಉಳಿಯುತ್ತದೆ.

ಅನುಭವಗಳು ಕಲಿಸುವ ಪಾಠ

ನೆರೆಯ ಕೇರಳದಲ್ಲಿ 2020ರಲ್ಲಿ ಬಯಲಾದ 'ಮೋರಿಸ್ ಕಾಯಿನ್' ಪ್ರಕರಣ ಇದಕ್ಕೊಂದು ನಿದರ್ಶನ. ದಿನಕ್ಕೆ ಶೇಕಡಾ 3ರಿಂದ 5ರಷ್ಟು ಲಾಭದ ಆಶ್ವಾಸನೆ ನೀಡಿ ಠೇವಣಿ ಸಂಗ್ರಹಿಸಲಾಗಿತ್ತು. ಖ್ಯಾತನಾಮರ ಸಮ್ಮುಖದಲ್ಲಿ ಪ್ರಚಾರ ಸಭೆಗಳನ್ನು ನಡೆಸಿ ಜನರನ್ನು ಸೆಳೆಯಲಾಗಿತ್ತು ಎಂಬುದು ಜಾರಿ ನಿರ್ದೇಶನಾಲಯದ ಆರೋಪ. 2022ರ ಜನವರಿಯಲ್ಲಿ ನಿರ್ದೇಶನಾಲಯವು 36 ಕೋಟಿ ರೂಪಾಯಿಗೂ ಹೆಚ್ಚು ಮೌಲ್ಯದ ಆಸ್ತಿಯನ್ನು ಮುಟ್ಟುಗೋಲು ಹಾಕಿತು. ದಿನಕ್ಕೆ ಶೇಕಡಾ 3 ಎಂದರೆ 34 ದಿನಗಳಲ್ಲಿ ಅಸಲಿನಷ್ಟೇ ಲಾಭ. ಯಾವ ಗಿರಣಿಯೂ, ಯಾವ ದಾಸ್ತಾನೂ ಇಂತಹ ಗಳಿಕೆ ನೀಡದೆಂಬುದು ವ್ಯಾಪಾರಿಗೆ ತಿಳಿಯದ ವಿಷಯವಲ್ಲ. ಆದರೆ ವೇದಿಕೆಯ ಮೇಲಿನ ಪರಿಚಿತ ಮುಖ ಈ ಸರಳ ಲೆಕ್ಕವನ್ನು ಮರೆಸುತ್ತದೆ.

ಅಮೆರಿಕದ ನಟಿ ಕಿಮ್ ಕರ್ದಾಶಿಯಾನ್ ಒಂದು ಕ್ರಿಪ್ಟೊ ನಾಣ್ಯದ ಕುರಿತು ಇನ್‌ಸ್ಟಾಗ್ರಾಂನಲ್ಲಿ ಪ್ರಕಟಣೆ ಹಾಕಲು 2,50,000 ಡಾಲರ್ ಪಡೆದಿದ್ದರು. ಈ ಪಾವತಿಯನ್ನು ಬಹಿರಂಗಪಡಿಸದ ಕಾರಣಕ್ಕೆ 2022ರ ಅಕ್ಟೋಬರ್‌ನಲ್ಲಿ ಅಲ್ಲಿನ ಷೇರು ನಿಯಂತ್ರಣ ಆಯೋಗದೊಂದಿಗೆ ರಾಜಿಯಾಗಿ 12.6 ಲಕ್ಷ ಡಾಲರ್ ತೆರಬೇಕಾಯಿತು. 2025ರ ಫೆಬ್ರವರಿ 14ರಂದು ಅರ್ಜೆಂಟೀನಾದ ಅಧ್ಯಕ್ಷ ಹಾವಿಯೆರ್ ಮಿಲೇ 'ಲಿಬ್ರಾ' ಎಂಬ ನಾಣ್ಯದ ಪರವಾಗಿ ಜಾಲತಾಣದಲ್ಲಿ ಬರೆದರು. ಅದರ ಬೆಲೆ ಗಗನಕ್ಕೇರಿ ಕೆಲವೇ ಗಂಟೆಗಳಲ್ಲಿ ಕುಸಿಯಿತು. ಅವರು ಬರಹವನ್ನು ಅಳಿಸಿದರು. ಹೇಳಿದವರ ಸ್ಥಾನಮಾನ ನಾಣ್ಯದ ಮೌಲ್ಯಕ್ಕೆ ಆಧಾರವಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಕಾನೂನಿನ ರಕ್ಷಣೆ ಎಷ್ಟರಮಟ್ಟಿಗೆ?

ಷೇರು ಹೂಡಿಕೆಯ ಸಲಹೆಗಾರರು ಸೆಬಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಕ್ರಿಪ್ಟೊ ನಾಣ್ಯಗಳ ಸಲಹೆಗೆ ಇಂತಹ ನೋಂದಣಿಯ ವ್ಯವಸ್ಥೆಯಿಲ್ಲ. ಕ್ರಿಪ್ಟೊ ಉತ್ಪನ್ನಗಳು ನಿಯಂತ್ರಣಕ್ಕೆ ಒಳಪಟ್ಟಿಲ್ಲ, ಅತ್ಯಂತ ಅಪಾಯಕಾರಿಯಾಗಿರಬಹುದು, ನಷ್ಟವಾದರೆ ನಿಯಂತ್ರಕರಿಂದ ಪರಿಹಾರ ದೊರೆಯದಿರಬಹುದು ಎಂಬ ಎಚ್ಚರಿಕೆಯನ್ನು ಜಾಹೀರಾತುಗಳಲ್ಲಿ ನೀಡಬೇಕೆಂದು ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯು 2022ರ ಏಪ್ರಿಲ್ 1ರಿಂದ ನಿಯಮ ಮಾಡಿದೆ. ಹಣ ಪಡೆದು ಪ್ರಚಾರ ಮಾಡುವವರು ಅದನ್ನು ತಿಳಿಸಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದಾರಿತಪ್ಪಿಸುವ ಜಾಹೀರಾತನ್ನು ಅನುಮೋದಿಸಿದವರಿಗೆ 10 ಲಕ್ಷ ರೂಪಾಯಿವರೆಗೆ, ಪುನರಾವರ್ತನೆಯಾದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಆದರೆ ಪ್ರಚಾರಕನ ಮೇಲಿನ ದಂಡದಿಂದ ಹೂಡಿಕೆದಾರನ ಹಣ ಮರಳಿ ಬರುವುದಿಲ್ಲವೆಂಬುದನ್ನು ಮರೆಯಬಾರದು.

ತೆರಿಗೆಯ ಅಂಶವನ್ನು ಪ್ರಚಾರದ ವಿಡಿಯೊಗಳು ಹೇಳುವುದು ವಿರಳ. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇಕಡಾ 30ರ ತೆರಿಗೆಯಿದೆ. ಅದೇ ವರ್ಷದ ಜುಲೈ 1ರಿಂದ ನಿಗದಿತ ಮಿತಿ ಮೀರಿದ ವರ್ಗಾವಣೆಗಳಿಗೆ ಶೇಕಡಾ 1ರ ಮೂಲ ತೆರಿಗೆ ಕಡಿತವೂ ಇದೆ. ಒಂದು ನಾಣ್ಯದಲ್ಲಿ ಒಂದು ಲಕ್ಷ ಲಾಭ, ಇನ್ನೊಂದರಲ್ಲಿ ಒಂದು ಲಕ್ಷ ನಷ್ಟವಾದರೆ ಕೈಗೆ ಬಂದದ್ದು ಶೂನ್ಯ. ಆದರೂ ಲಾಭದ ಮೇಲೆ 30,000 ರೂಪಾಯಿ ಹಾಗೂ ಸೆಸ್ ಕಟ್ಟಬೇಕು. ಈ ನಷ್ಟವನ್ನು ತೊಗರಿ ಅಥವಾ ಹತ್ತಿ ವ್ಯಾಪಾರದ ಲಾಭದಲ್ಲಿಯೂ ಕಳೆಯಲಾಗದು.

ವ್ಯಾಪಾರಿಗಳು ಗಮನಿಸಬೇಕಾದ ಅಂಶಗಳು

1. ಸಲಹೆ ನೀಡುವವನಿಗೆ ಹಣ ಕೊಡುವವರು ಯಾರೆಂದು ಮೊದಲು ವಿಚಾರಿಸಬೇಕು. ಉತ್ತರ ದೊರೆಯದಿದ್ದರೆ ಅಲ್ಲಿಗೇ ನಿಲ್ಲಬೇಕು.

2. ನಿಶ್ಚಿತ ಲಾಭದ ಭರವಸೆ, ಹೊಸ ಸದಸ್ಯರನ್ನು ಸೇರಿಸಿದರೆ ಕಮಿಷನ್ ಎಂಬ ಆಮಿಷ ಇವೆರಡೂ ವಂಚನೆಯ ಸ್ಪಷ್ಟ ಲಕ್ಷಣಗಳು.

3. ರೈತರಿಗೆ ಪಾವತಿಸಬೇಕಾದ ಹಣ, ಬ್ಯಾಂಕಿನ ನಗದು ಸಾಲ ಹಾಗೂ ಕೂಲಿಯ ಬಾಬತ್ತನ್ನು ಇದರಲ್ಲಿ ಎಂದಿಗೂ ತೊಡಗಿಸಬಾರದು.

4. ಪರದೆಯ ಮೇಲೆ ಕಾಣುವ ಲಾಭ ಲಾಭವಲ್ಲ. ಬ್ಯಾಂಕ್ ಖಾತೆಗೆ ಮರಳಿ ಬಂದುದು ಮಾತ್ರ ಲಾಭ. ಹಣ ಹಿಂಪಡೆಯಲು ಮತ್ತೆ ಹಣ ಕಟ್ಟಬೇಕೆಂದರೆ ಅದು ಮೋಸವೆಂದೇ ತಿಳಿಯಬೇಕು.

5. ವಂಚನೆಗೊಳಗಾದರೆ ಸಂಕೋಚಪಡದೆ ಕೂಡಲೇ 1930 ಸಹಾಯವಾಣಿಗೆ ಕರೆಮಾಡಿ ದೂರು ದಾಖಲಿಸಬೇಕು. ತಡವಾದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಕುಗ್ಗುತ್ತದೆ.

ನಮ್ಮ ಭಾಗದ ವ್ಯಾಪಾರ ನಿಂತಿರುವುದು ಬಾಯಿಮಾತಿನ ನಂಬಿಕೆಯ ಮೇಲೆ. ರೈತ ಮಾಲು ಕೊಟ್ಟು ಹಣಕ್ಕೆ ವಾರ ಕಾಯುವುದು ವ್ಯಾಪಾರಿಯನ್ನು ಬಲ್ಲನೆಂಬ ಕಾರಣಕ್ಕೆ. ಎಂದೂ ಭೇಟಿಯಾಗದ ಪ್ರಚಾರಕನ ಮಾತಿಗೆ ಆ ಹಣ ಹೋದರೆ ಕಳೆಯುವುದು ಬಂಡವಾಳ ಮಾತ್ರವಲ್ಲ, ಅಂಗಡಿಯ ಹೆಸರೂ ಹೌದು. ಮಾಲು ಮುಟ್ಟಿ ನೋಡದೆ ದರ ಹೇಳದ ವ್ಯಾಪಾರಿಯು ಹೂಡಿಕೆಯಲ್ಲಿಯೂ ಅದೇ ಜಾಗರೂಕತೆಯನ್ನು ಪಾಲಿಸುವುದು ಲೇಸು.