ಒಂದು ದೀಪಕ್ಕೆ ಎರಡು ಸ್ವಿಚ್ಚು, ಬೇಕಾದರೆ ಮೂರು

ಬ್ಯಾರನ್ನಿಗೆ ಬೆಂಕಿ ಹಾಕಿದ ಮೇಲೆ ಹೊಗೆಸೊಪ್ಪಿನ ರೈತನಿಗೆ ರಾತ್ರಿ ನಿದ್ದೆ ಇಲ್ಲ. ಐದಾರು ದಿವಸ ಹೊತ್ತುಹೊತ್ತಿಗೆ ಎದ್ದು ಸೌದೆ ಇಟ್ಟು ಕಾವು ನೋಡಬೇಕು. ಹದ ತಪ್ಪಿದರೆ ರಾಮನಾಥಪುರದ ಹರಾಜಿನಲ್ಲಿ ರೇಟು ಬೀಳುತ್ತೆ. ಮಳೆಗಾಲದ ಕತ್ತಲಲ್ಲಿ ಹಾವಿನ ಭಯ ಬೇರೆ. ದೀಪದ ಸ್ವಿಚ್ಚು ಬ್ಯಾರನ್ ಗೋಡೆಯಲ್ಲಿದ್ದರೆ ಅಲ್ಲಿವರೆಗೆ ಕತ್ತಲಲ್ಲೇ ಹೋಗಬೇಕು. ಮನೆಯಲ್ಲಿದ್ದರೆ ದೀಪ ಆರಿಸೋಕೆ ವಾಪಸ್ ಬರಬೇಕು. ಎರಡೂ ಕಡೆ ಸ್ವಿಚ್ಚು ಇದ್ದರೆ ಈ ಪಾಡಿಲ್ಲ.

ಇದಕ್ಕೆ ಮಾಮೂಲಿ ಸ್ವಿಚ್ಚು ಆಗೋದಿಲ್ಲ. ಟೂ ವೇ ಸ್ವಿಚ್ಚು ಅಂತ ಕೇಳಿ ತನ್ನಿ. ಇದರ ಹಿಂದೆ ಮೂರು ಸ್ಕ್ರೂ ಇರುತ್ತೆ. ನಮ್ಮಲ್ಲಿ ಸಿಗುವುದರಲ್ಲಿ ಸಾಮಾನ್ಯವಾಗಿ ನಡುವಿನದೇ 'ಕಾಮನ್'.

ಕಟ್ಟೇಪುರದ ನಾಲೆ ಬಯಲಿನವರಿಗೆ ಇದು ಬೇಗ ತಿಳಿಯುತ್ತೆ. ಜೋಡಿ ಕಾಲುವೆ ಇದೆ, ಎರಡು ತುದಿಗೂ ಒಂದೊಂದು ಹಲಗೆ ಇದೆ ಅಂದುಕೊಳ್ಳಿ. ಮೇಲಿನವನು ನೀರನ್ನು ಎಡಗಾಲುವೆಗೆ ಬಿಟ್ಟಾಗ ಕೆಳಗಿನವನೂ ಎಡಕ್ಕೇ ತೆರೆದಿದ್ದರೆ ಗದ್ದೆಗೆ ನೀರು. ಒಬ್ಬ ಎಡ, ಒಬ್ಬ ಬಲ ಆದರೆ ನೀರಿಲ್ಲ. ಯಾರು ಹಲಗೆ ತಿರುಗಿಸಿದರೂ ಇದ್ದ ಸ್ಥಿತಿ ಬದಲಾಗುತ್ತೆ. ಸ್ವಿಚ್ಚಿನೊಳಗೂ ಇದೇ ಆಟ.

ಜೋಡಣೆ ಹೀಗೆ. ಫೇಸ್ ತಂತಿ ಮನೆಯ ಸ್ವಿಚ್ಚಿನ ಕಾಮನ್ನಿಗೆ. ಅದರ ಉಳಿದೆರಡು ಸ್ಕ್ರೂಗಳಿಂದ ಎರಡು ತಂತಿ ಬ್ಯಾರನ್ ಸ್ವಿಚ್ಚಿನ ಅದೇ ಥರದ ಎರಡು ಸ್ಕ್ರೂಗಳಿಗೆ. ಅಲ್ಲಿಯ ಕಾಮನ್ನಿನಿಂದ ದೀಪಕ್ಕೆ. ನ್ಯೂಟ್ರಲ್ ಯಾವ ಸ್ವಿಚ್ಚಿಗೂ ಹೋಗದೆ ನೇರ ದೀಪಕ್ಕೆ. ಅಂದರೆ ಅಂಗಳ ದಾಟುವುದು ಮೂರು ತಂತಿ. ತಗಡಿನ ದೀಪವಾದರೆ ಅರ್ಥಿಂಗ್ ಸೇರಿ ನಾಲ್ಕು. 80 ಅಡಿ ದೂರಕ್ಕೆ ಮೂರು ಎಳೆ ಸೇರಿ 240 ಅಡಿ, ಹತ್ತಿರಹತ್ತಿರ 73 ಮೀಟರ್. 90 ಮೀಟರಿನ ಒಂದು ಸುರುಳಿ ಸಾಕು. ದೀಪಕ್ಕೆ 1.5 ಚದರ ಮಿ.ಮೀ. ತಾಮ್ರದ ತಂತಿ ಧಾರಾಳ. ಪೈಪಿನೊಳಗೆ ಹಾಕಿ, ಗುದ್ದಲಿ ಏಟು ತಗಲದಷ್ಟು ಆಳಕ್ಕೆ ಹೂಳಿ. ಬೇವಿನ ಮರಕ್ಕೆ ಕಟ್ಟಿ ಎಳೆಯೋದು ಬೇಡ.

ಕೆಲವರು ತಂತಿ ಉಳಿಸೋಕೆ ಬ್ಯಾರನ್ ಹತ್ತಿರ ಇರುವ ಬೇರೆ ಲೈನಿನಿಂದ ನ್ಯೂಟ್ರಲ್ ತಗೋತಾರೆ. ಇನ್ನು ಕೆಲವರು ಎರಡು ಸ್ವಿಚ್ಚಿಗೂ ಫೇಸು, ನ್ಯೂಟ್ರಲ್ ಎರಡನ್ನೂ ಕೊಟ್ಟು ಕಾಮನ್ನುಗಳ ನಡುವೆ ದೀಪ ಹಾಕ್ತಾರೆ. ದೀಪವೇನೋ ಉರಿಯುತ್ತೆ. ಆದರೆ ಈ ಎರಡನೆಯ ಥರದಲ್ಲಿ ದೀಪ ಆರಿದ್ದಾಗಲೂ ಹೋಲ್ಡರಿನ ಎರಡೂ ಕಡ್ಡಿಗೆ 230 ವೋಲ್ಟ್ ಬಂದು ನಿಂತಿರಬಹುದು. ಬಲ್ಬು ಬಿಚ್ಚಲು ಹೋದವನ ಗತಿ ಏನು? ಮೊದಲನೆಯದರಲ್ಲೂ ಒಂದು ಕಡೆ ಫ್ಯೂಸ್ ಕಿತ್ತರೆ ಇನ್ನೊಂದು ಕಡೆಯ ಕರೆಂಟು ಉಳಿದಿರಬಹುದು. ವೈರ್‌ಮನ್ ಹೋಗುವ ಮುಂಚೆ ಟೆಸ್ಟರ್ ಹಿಡಿದು ತೋರಿಸಲು ಹೇಳಿ. ಕಾಮನ್ನಿಗೆ ಬಂದಿರುವುದು ಫೇಸ್ ತಾನೇ ಅಂತ ನೋಡಿಕೊಳ್ಳಿ.

ಸರಿಯಾಗಿ ಜೋಡಿಸಿದ್ದರೂ ಒಂದು ಮಾತು. ಇದರಲ್ಲಿ ಸ್ವಿಚ್ಚು ಮೇಲಿದೆಯೋ ಕೆಳಗಿದೆಯೋ ನೋಡಿ ದೀಪಕ್ಕೆ ಕರೆಂಟು ಇಲ್ಲ ಅಂತ ಹೇಳೋಕಾಗಲ್ಲ. ಬಲ್ಬು ಕೆಟ್ಟಿದ್ದರಂತೂ ಏನೂ ಗೊತ್ತಾಗಲ್ಲ. ಹೋಲ್ಡರ್ ಮುಟ್ಟುವ ಮುಂಚೆ ಮೈನ್ ಆಫ್ ಮಾಡಿ. ಮನೆಯ ಮೈನಿನಲ್ಲಿ 30 ಮಿಲಿ ಆಂಪಿಯರಿನ ಇ.ಎಲ್.ಸಿ.ಬಿ. ಇದ್ದರೆ ಒಳ್ಳೇದು. ಒದ್ದೆ ಕಾಲಲ್ಲಿ ಓಡಾಡುವ ನಮಗೆ ಅದು ಬೇಕು.

ಕೊಟ್ಟಿಗೆಯಲ್ಲೂ ಮೂರನೆಯ ಸ್ವಿಚ್ಚು ಬೇಕು ಅನ್ನುವವರು ನಾಲ್ಕು ಸ್ಕ್ರೂ ಇರುವ ಇಂಟರ್‌ಮೀಡಿಯೇಟ್ ಸ್ವಿಚ್ಚು ತರಬೇಕು. ಜೋಡಿ ತಂತಿಯನ್ನು ನಡುವೆ ಕತ್ತರಿಸಿ ಒಂದು ಕಡೆಯಿಂದ ಒಳಗೆ, ಇನ್ನೊಂದು ಕಡೆಯಿಂದ ಹೊರಗೆ ಕೊಟ್ಟರಾಯಿತು. ಅದು ಎರಡು ತಂತಿಗಳನ್ನು ಒಂದು ಸಲ ನೇರ ಬಿಡುತ್ತೆ, ಇನ್ನೊಂದು ಸಲ ಅದಲುಬದಲು ಮಾಡುತ್ತೆ. ಎಲ್ಲ ಅಂಗಡಿಯಲ್ಲೂ ಸಿಗಲ್ಲ, ಮೊದಲೇ ಹೇಳಿ ತರಿಸಿ.

ಎಲ್.ಇ.ಡಿ. ಬಲ್ಬು ಆರಿಸಿದ ಮೇಲೂ ಸಣ್ಣಗೆ ಮಿಣುಕಿದರೆ ಮೊದಲು ಫೇಸ್, ನ್ಯೂಟ್ರಲ್ ತಿರುವುಮುರುವು ಆಗಿದೆಯಾ ನೋಡಿಸಿ. ಅದು ಸರಿಯಿದ್ದರೆ ಜೋಡಿ ತಂತಿ ಉದ್ದಕ್ಕೂ ಒತ್ತಾಗಿ ಹೋಗಿರುವುದರಿಂದ, ಕರೆಂಟಿರುವ ತಂತಿಯ ಅಂಶ ಪಕ್ಕದ್ದಕ್ಕೆ ಅಷ್ಟಿಷ್ಟು ಸೇರಿ ಹಾಗಾಗಿರುತ್ತೆ. ಬೇರೆ ಕಂಪನಿಯ ಬಲ್ಬು ಹಾಕಿ ನೋಡಿ.